ಗಿರಾಕಿ ಇಲ್ಲದ ಗಾಳಿ

ಸ್ಟ್ರಾನ್ಸೆ ದ್ವೀಪದಲ್ಲಿ ಗಾಳಿಗೆ ಬರವಿಲ್ಲ.
ಒಣಹಾಕಿದ ಬಟ್ಟೆ ಹುಡುಕಿಕೊಂಡು
ಪಕ್ಕದ ಹೊಲದವರೆಗೆ ಹೋಗುವುದು
ಇಲ್ಲಿ ವಾರದ ಕೆಲಸಗಳಲ್ಲೊಂದು.
ಮರಗಳು ಎಣಿಸಿದರೆ ನಾಲ್ಕು,
ಗೋಡೆಗೆ ಬೆನ್ನು ಕೊಟ್ಟು ಬಾಗಿ ನಿಂತಿವೆ
ಬಾಡಿಗೆ ಬಾಕಿ ಇರುವವರ ಹಾಗೆ.

ದಿಬ್ಬದ ಮೇಲೆ
ಊರವರೇ ಸೇರಿ ನಿಲ್ಲಿಸಿದ ಗಾಳಿಯಂತ್ರ.
ಮೂರು ರೆಕ್ಕೆ, ಹದಿನೈದು ವರ್ಷದ ಸಾಲ.
ಗಾಳಿ ಜೋರಾದ ದಿನವೇ ಅದು ನಿಲ್ಲುತ್ತದೆ.
ಕೆಟ್ಟಿದ್ದಲ್ಲ.
ಕಡಲಡಿಯ ಕೇಬಲ್ಲು ತುಂಬಿಹೋಯಿತು,
ನಿಮ್ಮ ಕರೆಂಟು ಸದ್ಯಕ್ಕೆ ಬೇಡ ಎಂದು
ಎಲ್ಲೋ ಕೂತ ಯಾರೋ ಗುಂಡಿ ಒತ್ತುತ್ತಾರೆ.

ನಾನು ಇಲ್ಲಿ ಲೆಕ್ಕ ಬರೆಯುವವಳು.
ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ
ಅಪ್ಪನ ದಾರದಂಗಡಿಯ ಗಲ್ಲೆಯ ಪಕ್ಕ ಕೂತು
ಕಲಿತಿದ್ದೆ: ಮಾಲು ಇದ್ದೂ
ಗಿರಾಕಿ ಬಾರದ ದಿನ
ಅಂಗಡಿಕಾರನ ಮುಖ ಹೇಗಿರುತ್ತದೆ ಎಂದು.
ನಿಂತ ರೆಕ್ಕೆ ಕಂಡಾಗಲೆಲ್ಲ
ಆ ಮುಖ.

ಜೇಮ್ಸಿನಾ ಫೌಬಿಸ್ಟರಳಿಗೆ ನಮ್ಮ ಗಾದೆ ಹೇಳಿದೆ:
ಗಾಳಿ ಬಂದಾಗ ತೂರಿಕೋ.
ಎಪ್ಪತ್ತೊಂದರ ಹೆಂಗಸು,
ಮೀನು ಸೀಳುವ ಚೂರಿಯಂಥ ನಾಲಿಗೆ.
"ತೂರಲು ಏನಿದೆ ನನ್ನ ಹತ್ತಿರ,
ದಂಡೆಯ ಪಾಚಿ ಬಿಟ್ಟರೆ?" ಅಂದಳು.
ಅಂದವಳು ಸುಮ್ಮನಾದಳು.
ಕೆಟಲ್ಲು ಕುದಿದು ತಾನೇ ಆರಿತು.

ಪಾಚಿ ಇವರಿಗೆ ಹೊಸದಲ್ಲ.
ಅವಳ ಮುತ್ತಜ್ಜಿಯ ಮುತ್ತಜ್ಜಿಯರು
ಕಲ್ಲುಗುಂಡಿಗಳಲ್ಲಿ ಅದನ್ನು ಸುಟ್ಟರು.
ಬೂದಿ ಗಾಜಿನ ಕಾರ್ಖಾನೆಗೆ,
ಹಣ ಧಣಿಗಳ ಮನೆಗೆ.
ಹೊಗೆ ಇಲ್ಲೇ ಉಳಿಯಿತು, ಕಣ್ಣಲ್ಲಿ.
ಆಮೇಲೆ ಹೆರಿಂಗ್ ಮೀನಿನ ಕಾಲ.
ದೋಣಿಯಿಂದ ದೋಣಿಗೆ ಹೆಜ್ಜೆಯಿಟ್ಟು
ಬಂದರನ್ನೇ ದಾಟಬಹುದಿತ್ತಂತೆ.
ಅದೂ ಬಂತು, ಬಳಿದುಕೊಂಡು ಹೋಯಿತು.
"ದ್ವೀಪ ಅಂದರೆ ಒಂದೇ ಹಡಗು," ಅನ್ನುತ್ತಾಳೆ,
"ಬರುವಾಗ ಬಿಲ್ಲು, ಹೋಗುವಾಗ ಮಾಲು."

ವೈಟ್‌ಹಾಲ್ ಹಳ್ಳಿಯಲ್ಲಿ
ಮೀನಿಗೆ ಉಪ್ಪು ಹಾಕುತ್ತಿದ್ದ ಹಳೇ ಶೆಡ್ಡು.
ಮುಚ್ಚಿದ ಬೇಕರಿಯೊಂದರ ತಟ್ಟೆಗಳು.
ಕೀರನ್ ಶಿಯರರ್ ಬೆಸುಗೆ ಹಾಕಿದ ಒಣಗುಪೆಟ್ಟಿಗೆ,
ಅದರ ಬಾಗಿಲು ಇವತ್ತಿಗೂ ಒದ್ದರೇ ಮುಚ್ಚುವುದು.
ಕರಾರು ಸರಳ:
ಆಚೆ ದಡ ಬೇಡ ಅಂದ ಕರೆಂಟು
ನಮ್ಮ ಪಾಚಿಗೆ ಬೇಕು.

ಫೋನು ಟಿಣ್ ಎನ್ನುತ್ತದೆ
ಹೊತ್ತುಗೊತ್ತಿಲ್ಲದೆ.
ಒಮ್ಮೆ ಮುದುಕ ಟೊರ್ಕ್ವಿಲ್‌ನನ್ನು ಮಣ್ಣು ಮಾಡುವಾಗ;
ಪಾದ್ರಿ ಪುಸ್ತಕದಿಂದ ತಲೆಯೆತ್ತದೆ
"ಹೋಗಿ, ಅವನೂ ಹೋಗುತ್ತಿದ್ದ" ಎಂದರು.
ನೈಟಿಯ ಮೇಲೆ ಮಳೆಕೋಟು, ಕಾಲಿಗೆ ಗಂಬೂಟು,
ಜೇಮ್ಸಿನಾ ಓಡುವುದನ್ನು ನೋಡಬೇಕು.
ನಿಂತ ರೆಕ್ಕೆ ಮೈಮುರಿದು ತಿರುಗುತ್ತದೆ.
ಶೆಡ್ಡಿನಿಂದ ಅಯೋಡಿನ್ನಿನ, ಹಸಿ ಚರ್ಮದ,
ಏನೆಂದು ಹೇಳಲಿ, ಕಡಲ ಕಂಕುಳಿನ ವಾಸನೆ.
ಎರಡು ಸಲ ತೊಳೆದರೂ ನನ್ನ ಜಡೆ ಬಿಡುವುದಿಲ್ಲ.

ಮಾರ್ಚಿನಲ್ಲಿ ಲಂಡನ್ನಿನ ಕಂಪನಿಯ ಕಾಗದ:
ತಿಂಗಳಿಗೆ ನಾಲ್ಕು ಟನ್ನು, ಮುಂಗಡ ಸಿದ್ಧ.
ಕೀರನ್ ಹೂಂ ಅಂದ. ಅವನ ಮನೆಯಲ್ಲಿ
ಮೂರನೆಯ ತೊಟ್ಟಿಲು ಕಾಯುತ್ತಿದೆ.
ಜೇಮ್ಸಿನಾ ಗೇಣು ಹಿಡಿದು ತೋರಿಸಿದಳು:
"ಬುಡದಲ್ಲಿ ಇಷ್ಟು ಬಿಟ್ಟು ಕೊಯ್ದರೆ ಚಿಗುರುತ್ತದೆ.
ನಾಲ್ಕು ಟನ್ನಿಗೆ ಈ ಗೇಣೂ ಹೋಗುತ್ತದೆ."
ಇಬ್ಬರೂ ನನ್ನತ್ತ ನೋಡಿದರು,
ಲೆಕ್ಕದವಳು ಏನನ್ನುತ್ತಾಳೆ ಎಂದು.
ಈ ವರ್ಷದ ಲಾಭ ಇನ್ನೂರ ಹನ್ನೆರಡು ಪೌಂಡು.
ಹಡಗಿನ ಬಾಡಿಗೆ ಅದರ ಮೂರು ಪಟ್ಟು.
ಗೇಣಿಗೆ ನನ್ನ ಪುಸ್ತಕದಲ್ಲಿ ಕಲಮು ಇಲ್ಲ.
ಅಷ್ಟನ್ನೇ ಓದಿ ಹೇಳಿದೆ.

ಕಾಗದಕ್ಕೆ ಇನ್ನೂ ಉತ್ತರ ಹೋಗಿಲ್ಲ.
ಹನ್ನೆರಡು ದಿನವಾಯಿತು
ಅವರಿಬ್ಬರಲ್ಲಿ ಮಾತಿಲ್ಲ.

ರಾತ್ರಿ ಎರಡೂವರೆ. ಟಿಣ್.
ಕಿಟಕಿಯಾಚೆ ಎರಡು ಟಾರ್ಚು
ಬೇರೆ ಬೇರೆ ದಾರಿಯಿಂದ
ಅದೇ ಶೆಡ್ಡಿನತ್ತ.
ಬಾಗಿಲು ಒದ್ದ ಸದ್ದು,
ತಟ್ಟೆಯ ಮೇಲೆ ತಟ್ಟೆ.
ಮಾತು ಇದೆಯೋ, ಗಾಳಿ ಕೊಂಡೊಯ್ದಿತೋ.
ಕತ್ತಲಲ್ಲಿ ನಾನು
ಇನ್ನೊಂದು ಬೂಟು ಹುಡುಕುತ್ತಿದ್ದೇನೆ.